ಟೊಮಾರಿ ಗುಡ್ಡವನ್ನು ಎರಡನೆಯ ಸಲ ಹತ್ತಿದಾಗ

ಸಿಡ್ನಿಯಿಂದ ಉತ್ತರಕ್ಕೆ ಕಾರಿನಲ್ಲಿ ಸುಮಾರು ಎರಡೂವರೆ ಗಂಟೆ ಸಾಗಿದರೆ ಪೋರ್ಟ್ ಸ್ಟೀಫನ್ಸ್ ಕೊಲ್ಲಿ ಸಿಗುತ್ತದೆ. ಅದರ ಬಾಯಿಯ ದಕ್ಷಿಣ ದಡದಲ್ಲಿ, ಕಡಲಿಗೆ ಮೈಚಾಚಿ ನಿಂತಿರುವುದೇ ಟೊಮಾರಿ ಗುಡ್ಡ. ಎತ್ತರ 161 ಮೀಟರ್, ಹೋಗಿಬರುವ ದಾರಿ ಒಟ್ಟು 2.2 ಕಿಲೋಮೀಟರ್. ಕೊಡಚಾದ್ರಿ, ಕುಮಾರಪರ್ವತಗಳನ್ನು ಹತ್ತಿ ಬಂದಿದ್ದ ನಾನು ಈ ಅಂಕಿಗಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ತಪ್ಪು ಮಾಡಿದೆ.

ಮೊದಲ ಸಲ ಹೋದದ್ದು ಜನವರಿಯಲ್ಲಿ, ಅಂದರೆ ಅಲ್ಲಿನ ಕಡುಬೇಸಿಗೆಯಲ್ಲಿ, ಮಧ್ಯಾಹ್ನದ ಹೊತ್ತಿಗೆ. ಶೋಲ್ ಬೇ ರಸ್ತೆಯ ಕೊನೆಯಲ್ಲಿ ಕಾರು ನಿಲ್ಲಿಸಿ, ಒಂದು ಸಣ್ಣ ಬಾಟಲಿ ನೀರು ಹಿಡಿದು, ಓಡುನಡಿಗೆಯಲ್ಲಿ ಹೊರಟೆ. ಕೆಳಗಿನ ದಾರಿಯ ಎರಡೂ ಬದಿ ಮರಗಳಿರುವುದರಿಂದ ಏರು ಎಷ್ಟು ಕಡಿದೆಂಬುದು ಕಣ್ಣಿಗೆ ಬೀಳುವುದಿಲ್ಲ. ಮೇಲಿನ ಭಾಗದ ಕಬ್ಬಿಣದ ಮೆಟ್ಟಿಲುಗಳನ್ನು ತಲುಪುವಷ್ಟರಲ್ಲಿ ಎದೆ ಡವಗುಟ್ಟುತ್ತಿತ್ತು, ಕಣ್ಣು ಕತ್ತಲೆ ಬಂತು. ತುದಿ ಹತ್ತಿರವೇ ಇದ್ದರೂ ಅಲ್ಲಿಯೇ ಕುಳಿತು ಸುಧಾರಿಸಿಕೊಂಡು ಕೆಳಗಿಳಿದೆ. ಹಾಗೆ ಇಳಿದದ್ದು ಸರಿಯಾದ ನಿರ್ಧಾರವೆಂದೇ ಇಂದಿಗೂ ನಂಬಿದ್ದೇನೆ.

ಎರಡನೆಯ ಸಲ ಜುಲೈನಲ್ಲಿ ಹೋದಾಗ ಮೈಸೂರಿನಿಂದ ಬಂದಿದ್ದ ಅಮ್ಮ ಜೊತೆಗಿದ್ದರು. ಆಷಾಢ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವ ರೂಢಿ ಅವರಿಗೆ ಮೊದಲಿನಿಂದಲೂ ಇದೆ. ಆಗ ಅಲ್ಲಿ ಚಳಿಗಾಲ. ಸೂರ್ಯ ಹುಟ್ಟುವುದು ಏಳು ಗಂಟೆಯ ಆಸುಪಾಸಿನಲ್ಲಿ. ಆರು ಗಂಟೆಗೆ ಟಾರ್ಚು ಹಿಡಿದು ಹೊರಟೆವು. ನಾನು ಎರಡು ಹೆಜ್ಜೆ ಮುಂದಾದೊಡನೆ ಅಮ್ಮ, "ಮಾತಾಡ್ತಾ ಹತ್ತೋಕೆ ಆಗ್ತಿಲ್ಲ ಅಂದ್ರೆ ಜೋರಾಗಿ ಹೋಗ್ತಿದೀಯ ಅಂತ ಕಣೋ, ನಿಧಾನ" ಎಂದರು. ಆ ಮಾತನ್ನೇ ಅಳತೆಗೋಲು ಮಾಡಿಕೊಂಡೆ: ವಾಕ್ಯದ ನಡುವೆ ಉಸಿರು ತುಂಡಾದರೆ ನಿಲ್ಲುವುದು, ಒಂದು ಗುಟುಕು ನೀರು ಕುಡಿಯುವುದು, ಮತ್ತೆ ಹೊರಡುವುದು. ಕೂರಲಿಲ್ಲ, ಏಕೆಂದರೆ ಕೂತರೆ ಕಾಲು ಬಿಗಿಯುತ್ತದೆ. ಪಾದವನ್ನು ಮೆಟ್ಟಿಲಿನ ಮೇಲೆ ಪೂರ್ತಿ ಊರಿ ಮೈಭಾರವನ್ನು ತೊಡೆಗೆ ಕೊಟ್ಟಾಗ ಮೀನಖಂಡ ನೋಯಲಿಲ್ಲ. ಮೆಟ್ಟಿಲುಗಳು ಜಾಲರಿಯಂತಿದ್ದು, ಅವುಗಳ ಸಂದಿಯಲ್ಲಿ ಕೆಳಗಿನ ಬಂಡೆ, ಅದಕ್ಕೆ ಕಚ್ಚಿಕೊಂಡ ಹುಲ್ಲು ಕಾಣುತ್ತದೆ. ಇಬ್ಬನಿಗೆ ಕಂಬಿ ಒದ್ದೆಯಾಗಿ ಕೈ ಜಾರುತ್ತಿದ್ದುದರಿಂದ ಅಮ್ಮ ಸೆರಗಿನ ತುದಿಯನ್ನು ಅಂಗೈಗೆ ಸುತ್ತಿಕೊಂಡು ಹಿಡಿದರು.

ಸುಮಾರು ಐವತ್ತು ನಿಮಿಷದಲ್ಲಿ ತುದಿ ಮುಟ್ಟಿದೆವು. ಅಲ್ಲಿ ಎರಡು ಕಡೆ ನೋಟದ ಕಟ್ಟೆಗಳಿವೆ. ಒಂದನ್ನು ನೋಡಿ ಹಿಂದಿರುಗುವವರು ಅರ್ಧ ನೋಟವನ್ನೇ ಬಿಟ್ಟುಬರುತ್ತಾರೆ. ದಕ್ಷಿಣಕ್ಕೆ ಜೆನಿತ್, ರೆಕ್, ಬಾಕ್ಸ್ ಎಂಬ ಮೂರು ಕಡಲತೀರಗಳು ಒಂದರ ಹಿಂದೆ ಒಂದು ಬಾಗಿ ನಿಂತಿವೆ. ಅವುಗಳಾಚೆ ಮರಳಿನ ಸಣ್ಣ ದಂಡೆಯೊಂದು ಫಿಂಗಲ್ ದ್ವೀಪವನ್ನು ನೆಲಕ್ಕೆ ಕಟ್ಟಿಹಾಕಿದಂತಿದೆ. ಉತ್ತರಕ್ಕೆ, ಕೊಲ್ಲಿಯ ಬಾಯಿಯ ಆಚೆ ದಡದಲ್ಲಿ, ಯಕಾಬಾ ಗುಡ್ಡ ಇದಕ್ಕೆ ಜೋಡಿಯಂತೆ ನಿಂತಿದೆ. ಅದರ ಬಲಕ್ಕೆ ಕಾಣುವ ಕ್ಯಾಬೇಜ್ ಟ್ರೀ ದ್ವೀಪವನ್ನು ಅಮ್ಮನಿಗೆ ಬೊಟ್ಟುಮಾಡಿ ತೋರಿಸಿದೆ. ಗೂಲ್ಡ್ಸ್ ಪೆಟ್ರೆಲ್ ಎಂಬ ಅಪರೂಪದ ಕಡಲಹಕ್ಕಿ ಗೂಡುಕಟ್ಟುವ ಮುಖ್ಯ ನೆಲೆ ಅದು. ಅಲ್ಲಿನ ಪಿಸೋನಿಯಾ ಮರದ ಅಂಟುಕಾಯಿಗಳು ರೆಕ್ಕೆಗೆ ಮೆತ್ತಿಕೊಂಡು ಹಕ್ಕಿಗಳು ಸಾಯುತ್ತಿದ್ದವು. ಉದುರುವ ಕಾಯಿಗಳನ್ನು ತಡೆಯಬೇಕಾದ ಕೆಳಪೊದೆಗಳನ್ನು ಮೊಲಗಳು ಮೇಯ್ದು ಬರಿದುಮಾಡಿದ್ದರಿಂದ ಸಾವು ಹೆಚ್ಚಾಗಿತ್ತು. 1997ರಲ್ಲಿ ಮೊಲಗಳನ್ನು ಪೂರ್ತಿಯಾಗಿ ತೆಗೆದ ಮೇಲೆ ಪೊದೆಗಳು ಮತ್ತೆ ಚಿಗುರಿದವು.

ಎರಡನೆಯ ಮಹಾಯುದ್ಧದಲ್ಲಿ ಈ ಕೊಲ್ಲಿಯ ಕಾವಲಿಗೆ ಗುಡ್ಡದ ಮೇಲೆ ರೇಡಾರ್, ಕೆಳಗೆ ಫಿರಂಗಿಗಳನ್ನು ಇಟ್ಟಿದ್ದರು. ಫಿರಂಗಿಗಳ ಕಟ್ಟೆಗೆ ಬೇರೆ ದಾರಿಯಿದೆ. ಅಂದು ನಾವು ಅತ್ತ ಹೋಗದೆ ತಿಮಿಂಗಿಲಗಳಿಗಾಗಿ ಕಾದೆವು. ಮೇ ತಿಂಗಳಿನಿಂದ ಜುಲೈವರೆಗೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಮರಿ ಹಾಕಲು ಉತ್ತರದ ಬೆಚ್ಚಗಿನ ನೀರಿಗೆ ಹೋಗುತ್ತವೆ. ಬೆನ್ನನ್ನು ಹುಡುಕುವ ಬದಲು, ಕಡಲ ಮೇಲೆ ಬಿಳಿ ಹೊಗೆಯಂತೆ ಏಳುವ ಉಸಿರನ್ನು ಹುಡುಕಬೇಕು. ಅದನ್ನು ಮೊದಲು ಕಂಡವರು ಅಮ್ಮ.

ಇಳಿಯುವಾಗ ಮಂಡಿಗೆ ಪೆಟ್ಟು ಹೆಚ್ಚು. ಕಡಿದಾದ ಕಡೆಗಳಲ್ಲಿ ಮೈಯನ್ನು ಓರೆಮಾಡಿ, ಕಂಬಿ ಬಿಡದೆ, ಒಂದೊಂದೇ ಮೆಟ್ಟಿಲು ಇಳಿದೆವು. ಹತ್ತಲು ತೆಗೆದುಕೊಂಡಷ್ಟೇ ಹೊತ್ತು ಇಳಿಯಲೂ ಹಿಡಿಯಿತು. ಕಾರಿನ ಹತ್ತಿರ ಬಂದಾಗ ಅಮ್ಮ ಚಪ್ಪಲಿ ಕಳಚಿ, ಫ್ಲಾಸ್ಕಿನಲ್ಲಿದ್ದ ಕಾಫಿಯನ್ನು ಎರಡು ಲೋಟಕ್ಕೆ ಬಗ್ಗಿಸಿದರು.