ಇಂಗ್ಲೆಂಡಿನ ಫ್ಲ್ಯಾಟಿನ ಲೀಸನ್ನು ಕಾಸರಗೋಡಿನಲ್ಲಿ ಕೂತೇ ಮುಂದುವರಿಸುವುದು ಹೇಗೆ?

ಇಂಗ್ಲೆಂಡಿನಲ್ಲಿ ನರ್ಸ್ ಕೆಲಸವೋ ಐಟಿ ಕೆಲಸವೋ ಮಾಡುವಾಗ ಒಂದು ಫ್ಲ್ಯಾಟ್ ತೆಗೆದುಕೊಂಡು, ಈಗ ಅದನ್ನು ಬಾಡಿಗೆಗೆ ಬಿಟ್ಟು ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಬಂದು ನೆಲೆಸಿದವರಿಗೆ ಇದು. ನಿಮ್ಮ ಲೀಸಿನಲ್ಲಿ ಇನ್ನೆಷ್ಟು ವರ್ಷ ಉಳಿದಿದೆ? ಥಟ್ಟನೆ ಹೇಳಲಾಗದಿದ್ದರೆ ಇವತ್ತೇ ಕಾಗದ ತೆಗೆದು ನೋಡಿ. ಕಾಗದ ಸಿಗದಿದ್ದರೆ ಅಲ್ಲಿನ ಲ್ಯಾಂಡ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಸಣ್ಣ ಫೀಸ್ ಕಟ್ಟಿ ದಾಖಲೆ ತೆಗೆಯಬಹುದು. ನೀವು ಕೊಂಡ ವರ್ಷದಿಂದ ಲೆಕ್ಕ ಹಾಕಬೇಡಿ. ಲೀಸ್ ಶುರುವಾದ ತಾರೀಕಿನಿಂದ ಹಾಕಿ.

ಅಲ್ಲಿ ಫ್ಲ್ಯಾಟ್ ಕೊಂಡರೆ ಸಾಮಾನ್ಯವಾಗಿ ಕಟ್ಟಡವೂ ಜಾಗವೂ ನಿಮ್ಮದಾಗುವುದಿಲ್ಲ. ಅದು ಫ್ರೀಹೋಲ್ಡರ್, ಅಂದರೆ ಮೂಲ ಮಾಲಕನದು. ನಿಮಗಿರುವುದು ಇಂತಿಷ್ಟು ವರ್ಷದ ಹಕ್ಕು, 99 ಅಥವಾ 125, ಹೀಗೆ. ಅಜ್ಜಂದಿರ ಕಾಲದ ಚಾಲಗೇಣಿಯ ಕತೆ ಕೇಳಿದವರಿಗೆ ಇದು ಬೇಗ ತಲೆಗೆ ಹೋಗುತ್ತದೆ. ನಮ್ಮಲ್ಲಿ 1970ರ ಜನವರಿ 1ಕ್ಕೆ ಕೇರಳದ ಭೂಸುಧಾರಣೆ ಜಾರಿಗೆ ಬಂದು ಗೇಣಿಯೇ ಹೋಯಿತು. ಅಲ್ಲಿ ಹಾಗಲ್ಲ, ಹೆಚ್ಚಿನ ವರ್ಷ ಬೇಕಾದರೆ ದುಡ್ಡು ಕೊಟ್ಟೇ ಪಡೆಯಬೇಕು. ಅವಧಿ ಕಡಿಮೆಯಾದಷ್ಟೂ ಫ್ಲ್ಯಾಟಿನ ಬೆಲೆ ಇಳಿಯುತ್ತದೆ, ಕೊಳ್ಳಲು ಬಂದವರಿಗೆ ಬ್ಯಾಂಕ್ ಸಾಲ ಸಿಗುವುದೂ ಕಷ್ಟವಾಗುತ್ತದೆ.

80 ಎಂಬ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಲೀಸ್ ಮುಂದುವರಿಸಿ ಕೊಡಿ ಎಂದು ಫ್ರೀಹೋಲ್ಡರ್‌ಗೆ ನೋಟಿಸ್ ಕೊಡುವ ದಿನ ಲೀಸಿನಲ್ಲಿ 80 ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ ಒಂದು ದರ. 80 ಅಥವಾ ಅದಕ್ಕಿಂತ ಕಡಿಮೆಯಾದರೆ ಅದರ ಮೇಲೆ ‘ಮ್ಯಾರೇಜ್ ವ್ಯಾಲ್ಯೂ’ ಎಂಬ ಇನ್ನೊಂದು ಬಾಬ್ತು ಬರುತ್ತದೆ. ಲೀಸ್ ಉದ್ದವಾದ್ದರಿಂದ ಫ್ಲ್ಯಾಟಿನ ಬೆಲೆ ಏರುತ್ತದಲ್ವಾ, ಆ ಲಾಭದ ಅರ್ಧ ಫ್ರೀಹೋಲ್ಡರ್‌ಗೆ! ಉದಾಹರಣೆಗೆ 2008ರಲ್ಲಿ ಶುರುವಾದ 99 ವರ್ಷದ ಲೀಸ್ 2107ಕ್ಕೆ ಮುಗಿಯುತ್ತದೆ. ಅದು 80ಕ್ಕೆ ಇಳಿಯುವುದು 2027ರಲ್ಲಿ. ಇಂಥ ಲೀಸ್ ಇರುವವರು ಊರಿನ ನೇಮ, ಜಾತ್ರೆ ಎಲ್ಲ ಮುಗಿಯಲಿ ಎಂದು ಕಾಯುವಂತಿಲ್ಲ. ಅಲ್ಲಿನ 2024ರ ಹೊಸ ಕಾನೂನು ಈ ಬಾಬ್ತನ್ನೇ ತೆಗೆದುಹಾಕಿ 990 ವರ್ಷ ಕೊಡುತ್ತದೆ ನಿಜ. ಆದರೆ ಆ ಭಾಗ ಇದನ್ನು ಬರೆಯುವವರೆಗೆ ಜಾರಿಗೆ ಬಂದಿಲ್ಲ. ಲೀಸ್ 82ರ ಹತ್ತಿರ ಇದ್ದರೆ ನಾನಂತೂ ಅದನ್ನು ನಂಬಿ ಕೂರುವುದಿಲ್ಲ.

ಈಗ ದಾರಿ ಎರಡು. ಒಂದು, ಫ್ರೀಹೋಲ್ಡರ್ ಜೊತೆ ಸುಮ್ನೆ ಮಾತಾಡಿ ಒಪ್ಪಂದ ಮಾಡಿಕೊಳ್ಳುವುದು. ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ ಅನ್ನಿಸುತ್ತದೆ. ಆದರೆ ಎಷ್ಟು ವರ್ಷ, ಎಷ್ಟು ದುಡ್ಡು ಎಲ್ಲ ಅವನ ಮರ್ಜಿ. ಉಳಿದ ಹಳೇ ಅವಧಿಗೆ ನೆಲಬಾಡಿಗೆ (ಫ್ರೀಹೋಲ್ಡರ್‌ಗೆ ಕಟ್ಟುವ ಗ್ರೌಂಡ್ ರೆಂಟ್) ಮುಂದುವರಿಯಲೂಬಹುದು. ನಾಳೆ ಅವನು ಮನಸ್ಸು ಬದಲಾಯಿಸಿದರೆ ನೀವು ಕೇಳುವ ಹಾಗಿಲ್ಲ. ಇನ್ನೊಂದು, ಅಲ್ಲಿನ 1993ರ ಲೀಸ್ ಕಾಯ್ದೆಯ ಸೆಕ್ಷನ್ 42ರ ನೋಟಿಸ್. ಇದರಲ್ಲಿ ಉಳಿದ ವರ್ಷಕ್ಕೆ 90 ಸೇರುತ್ತದೆ, ನೆಲಬಾಡಿಗೆ ಸೊನ್ನೆಯಾಗುತ್ತದೆ. ಮೇಲೆ ಹೇಳಿದ ಲೀಸ್ 2197ರವರೆಗೆ ಹೋಗುತ್ತದೆ. ದೂರದಲ್ಲಿ ಕೂತವರಿಗೆ ಇದೇ ಒಳ್ಳೆಯದು, ಯಾಕೆಂದರೆ ನೋಟಿಸ್ ತಲುಪಿದ ದಿನಕ್ಕೇ ಲೆಕ್ಕ ನಿಲ್ಲುತ್ತದೆ. ಆಮೇಲೆ ಎಳೆದಾಡಿದರೂ ವರ್ಷ ಕಡಿಮೆಯಾಗುವುದಿಲ್ಲ. ಮೊದಲು ಎರಡು ವರ್ಷ ಮಾಲಕರಾಗಿರಬೇಕು ಎಂಬ ನಿಯಮವಿತ್ತು, 2025ರ ಜನವರಿ 31ಕ್ಕೆ ಅದು ಹೋಯಿತು. ಲೀಸ್ ಮೂಲದಲ್ಲಿ 21 ವರ್ಷಕ್ಕಿಂತ ಉದ್ದದ್ದಾಗಿರಬೇಕು. ಇದೆಲ್ಲ ಇಂಗ್ಲೆಂಡ್ ಮತ್ತು ವೇಲ್ಸಿಗೆ ಮಾತ್ರ.

ಮೊದಲು ಬೆಲೆ ಕಟ್ಟುವ ಸರ್ವೇಯರ್ ಹಿಡಿಯಿರಿ, ಅಲ್ಲಿನ ಸರ್ವೇಯರ್‌ಗಳ ಸಂಸ್ಥೆಯಾದ ಆರ್‌ಐಸಿಎಸ್‌ನ ಸದಸ್ಯರಾಗಿದ್ದು ಇದೇ ಕೆಲಸ ಮಾಡುವವರು. ಆಮೇಲೆ ವಕೀಲರು. ಮನೆ ಮಾರಾಟದ ಪತ್ರ ಮಾಡುವ ಎಲ್ಲರಿಗೂ ಇದು ಬರುವುದಿಲ್ಲ. ನೋಟಿಸಿನಲ್ಲಿ ನೀವು ಕೊಡುವ ಮೊತ್ತ ಸ್ವಲ್ಪ ಕಡಿಮೆ ಇದ್ದರೆ ಚೌಕಾಸಿಗೆ ಜಾಗ ಇರುತ್ತದೆ. ತೀರಾ ತಮಾಷೆಯ ಮೊತ್ತ ಬರೆದರೆ ನೋಟಿಸೇ ಬಿದ್ದುಹೋಗಬಹುದು. ಫ್ರೀಹೋಲ್ಡರ್ ಉತ್ತರಿಸಲು ಕನಿಷ್ಠ ಎರಡು ತಿಂಗಳು ಕೊಡಬೇಕು. ಅವನು ನಿಮ್ಮ ಮೊತ್ತದ ಶೇ. 10ರಷ್ಟನ್ನೋ 250 ಪೌಂಡನ್ನೋ, ಯಾವುದು ಜಾಸ್ತಿಯೋ ಅದನ್ನು ಠೇವಣಿಯಾಗಿ ಕೇಳಬಹುದು. ಅವನ ವಕೀಲ, ಸರ್ವೇಯರ್ ಇಬ್ಬರ ನ್ಯಾಯವಾದ ಫೀಸೂ ನಿಮ್ಮ ತಲೆಗೇ. ಸಿಟ್ಟು ಬರುತ್ತದೆ, ಏನು ಮಾಡುವುದು.

ಅವನ ಉತ್ತರದ ನೋಟಿಸ್ ಬಂದ ಮೇಲೆ ಚೌಕಾಸಿ. ಬಗೆಹರಿಯದಿದ್ದರೆ ಆ ಉತ್ತರದ ನೋಟಿಸಿನಿಂದ ಎರಡು ತಿಂಗಳಾದ ಮೇಲೆ, ಆರು ತಿಂಗಳೊಳಗೆ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬೇಕು. ಆ ಆರು ತಿಂಗಳು ದಾಟಿತೋ, ಮುಗಿಯಿತು. ನೋಟಿಸ್ ಹಿಂತೆಗೆದುಕೊಂಡಂತೆ ಆಗುತ್ತದೆ, ಇನ್ನೊಂದು ಹಾಕಲು 12 ತಿಂಗಳು ಕಾಯಬೇಕು. ಅಷ್ಟರಲ್ಲಿ ಲೀಸ್ 80ಕ್ಕೆ ಇಳಿದರೆ ಮಂಡೆಬಿಸಿ ಬೇರೆಯೇ. ವಕೀಲರು ನೋಡಿಕೊಳ್ಳುತ್ತಾರೆ ಎಂದು ಬಿಡದೆ ಆ ತಾರೀಕನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಫೋನ್ ಮಾಡುವುದಾದರೆ ಊಟ ಮುಗಿಸಿ ಮಾಡಿ, ಅಲ್ಲಿ ಬೆಳಗ್ಗೆ 9 ಅಂದರೆ ನಮಗೆ ಬೇಸಿಗೆಯಲ್ಲಿ 1.30, ಚಳಿಗಾಲದಲ್ಲಿ 2.30.

ಸಹಿಗೆ ವಿಮಾನ ಹತ್ತಬೇಕಿಲ್ಲ. ಆ ಕಾಯ್ದೆಯ 2014ರ ತಿದ್ದುಪಡಿಯ ನಂತರ ನಿಮ್ಮ ಪರವಾಗಿ ಇನ್ನೊಬ್ಬರು ನೋಟಿಸಿಗೆ ಸಹಿ ಹಾಕಬಹುದು. ಹೊಸ ಲೀಸಿಗೆ ಮಾತ್ರ ಸಾಕ್ಷಿಯ ಎದುರು ಸಹಿ ಬೇಕು. ಹೆಂಡತಿ, ಗಂಡ, ಮಕ್ಕಳು ಬೇಡ, ಪಕ್ಕದ ಮನೆಯ ಟೀಚರ್ ಆದೀತು. ಪಾಸ್‌ಪೋರ್ಟ್ ಪ್ರತಿಗೆ ನೋಟರಿ ಸಹಿ ಕೇಳಿದರೆ ವಿದ್ಯಾನಗರದ ಕೋರ್ಟ್ ಹತ್ತಿರ ಆಗುತ್ತದೆ. ಆದರೆ ಯಾವ ಮಾತುಗಳಲ್ಲಿ ದೃಢೀಕರಿಸಬೇಕು ಎಂದು ವಕೀಲರಿಂದ ಮೊದಲೇ ಬರೆಸಿ ತೆಗೆದುಕೊಂಡು ಹೋಗಿ.

ದುಡ್ಡು ಇಲ್ಲಿಂದ ಕಳಿಸುವುದಾದರೆ ವಿದೇಶಕ್ಕೆ ಹಣ ಕಳಿಸುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯ ಅಡಿಯಲ್ಲಿ ಒಬ್ಬರಿಗೆ ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಮಿತಿ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ ಬ್ಯಾಂಕು ಟಿಸಿಎಸ್ ಎಂಬ ತೆರಿಗೆಯನ್ನು ಮೊದಲೇ ಹಿಡಿಯುತ್ತದೆ, ರಿಟರ್ನ್ಸ್‌ನಲ್ಲಿ ತೋರಿಸಿ ಹೊಂದಿಸಿಕೊಳ್ಳಿ. ಅಲ್ಲಿನ ಬಾಡಿಗೆ ಅಲ್ಲಿನ ಖಾತೆಯಲ್ಲೇ ಇದ್ದರೆ ಈ ಕಿರಿಕಿರಿ ಇಲ್ಲ. ಫ್ಲ್ಯಾಟಿನ ಮೇಲೆ ಸಾಲವಿದ್ದರೆ ಆ ಬ್ಯಾಂಕಿಗೂ ತಿಳಿಸಬೇಕು. ಹೊಸ ಲೀಸ್ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನೋಂದಣಿಯಾದ ಮೇಲೆ ಪ್ರತಿ ತೆಗೆದು, ವರ್ಷ ಸರಿ ಇದೆಯೇ ನೋಡಿ. ಅದರ ನಂತರದ ಅವಧಿಗೂ ಹಳೇ ನೆಲಬಾಡಿಗೆಯ ಬಿಲ್ ಬಂದರೆ ಕಟ್ಟಬೇಡಿ, ಆ ಪ್ರತಿಯನ್ನು ಕಳಿಸಿ.