ಅತ್ಯಾಚಾರ ಪ್ರಕರಣದ ಪಾಟಿ ಸವಾಲನ್ನು ಟಿವಿಗೆ ಬರೆಯುವ ಬಗೆ

ನಿಜವಾಗಿ ನಡೆದ ಅತ್ಯಾಚಾರ ಪ್ರಕರಣದ ವಿಚಾರಣೆಯನ್ನು ಧಾರಾವಾಹಿಗೆ ಬರೆಯುವಾಗ ನಾನು ಹೈಕೋರ್ಟ್ ಇಲ್ಲವೇ ಸುಪ್ರೀಂ ಕೋರ್ಟ್ ತೀರ್ಪಿನಿಂದಲೇ ಶುರುಮಾಡುತ್ತೇನೆ. ಇಂಥ ವಿಚಾರಣೆ ಇನ್ ಕ್ಯಾಮೆರಾ, ಅಂದರೆ ಹೊರಗಿನವರಿಗೆ ಪ್ರವೇಶವಿಲ್ಲದೆ ಮುಚ್ಚಿದ ಬಾಗಿಲ ಹಿಂದೆ, ನಡೆಯುತ್ತದೆ. ಕೋರ್ಟಿನ ಅನುಮತಿಯಿಲ್ಲದೆ ಅದರ ಕಲಾಪ ಪ್ರಕಟಿಸುವುದು ಅಪರಾಧ. ಹೈಕೋರ್ಟ್, ಸುಪ್ರೀಂ ಕೋರ್ಟ್ ತೀರ್ಪುಗಳಿಗೆ ಮಾತ್ರ ವಿನಾಯಿತಿ ಇದೆ. ಸೆಷನ್ಸ್ ಕೋರ್ಟಿನ ಸಾಕ್ಷ್ಯದ ಪ್ರತಿ ಯಾರದೋ ಕೈಯಿಂದ ಸಿಕ್ಕಿತೆಂದು ಹಾಗೇ ಸಂಭಾಷಣೆಗೆ ಇಳಿಸಬೇಡಿ. ಬೇಕೇ ಬೇಕೆಂದರೆ ನಿರ್ಮಾಣ ಸಂಸ್ಥೆಯ ವಕೀಲರ ಮೂಲಕ ಅರ್ಜಿ ಹಾಕಿಸಿ.

ಇನ್ನು ಗುರುತಿನ ವಿಷಯ. ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ 2 ವರ್ಷದವರೆಗೆ ಜೈಲು. ಹಳೆಯ ಐಪಿಸಿಯಲ್ಲಿ ಇದು 228ಎ ಆಗಿತ್ತು. ಹೆಸರು ಹಾಕದಿದ್ದರೂ, ಗುರುತು ಹತ್ತುವಂಥ ಯಾವ ಸಂಗತಿಯನ್ನೂ ಬಿಟ್ಟುಕೊಡಬಾರದು, ಆಕೆ ತೀರಿಕೊಂಡಿದ್ದರೂ ಈ ರಕ್ಷಣೆ ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಹೆಸರು ಬದಲಿಸಿ ಊರು, ಉದ್ಯೋಗ, ಘಟನೆಯ ತಿಂಗಳು ಹಾಗೇ ಉಳಿಸಿದರೆ ಆಕೆಯ ಓಣಿಯವರಿಗೆ ಮೊದಲ ಕಂತಿನಲ್ಲೇ ಗೊತ್ತಾಗುತ್ತದೆ. ಅದಕ್ಕೆ ನಾನು ಎರಡು ಅಂಕಣಗಳ ಪಟ್ಟಿ ಇಡುತ್ತೇನೆ: ಒಂದರಲ್ಲಿ ಬದಲಿಸಬೇಕಾದವು, ಇನ್ನೊಂದರಲ್ಲಿ ಮುಟ್ಟಬಾರದವು. ದೂರು ಕೊಡುವಲ್ಲಿ ಆದ ವಿಳಂಬ, ಸಾಕ್ಷಿಗಳ ಅನುಕ್ರಮ, ತೀರ್ಪಿಗೆ ಕೊಟ್ಟ ಕಾರಣ, ಇವು ಮುಟ್ಟಬಾರದವು. ಮೂರು ದಿನದ ವಿಳಂಬವನ್ನು ಮೂರು ತಿಂಗಳು ಮಾಡಿದರೆ ಪ್ರತಿವಾದಿ ವಕೀಲರ ವಾದಕ್ಕೇ ಬೇರೆ ತೂಕ ಬರುತ್ತದೆ, ತೀರ್ಪು ಹೊಂದುವುದಿಲ್ಲ.

ನಿಜವಾದ ಕೆಲಸ ಇರುವುದು ಪಾಟಿ ಸವಾಲಿನಲ್ಲಿ, ಅಂದರೆ ಆರೋಪಿಯ ವಕೀಲರು ಸಂತ್ರಸ್ತೆಯನ್ನು ಪ್ರಶ್ನಿಸುವುದರಲ್ಲಿ. ಸಾಕ್ಷ್ಯವನ್ನು ಸಾಮಾನ್ಯವಾಗಿ ಪ್ರಶ್ನೋತ್ತರದ ರೂಪದಲ್ಲಿ ದಾಖಲಿಸುವುದಿಲ್ಲ. ವಕೀಲರ ಪ್ರಶ್ನೆ ಮಾಯವಾಗಿ, ಸಾಕ್ಷಿಯೇ ಹೇಳಿದಂತೆ ಒಂದು ವಾಕ್ಯ ಉಳಿಯುತ್ತದೆ. ಮಾದರಿಗೆ ನಾನೇ ಬರೆದ ಸಾಲುಗಳಿವು:

‘ಆ ಸಂಜೆ ನಾನೇ ಆರೋಪಿಗೆ ಫೋನ್ ಮಾಡಿದ್ದೆ ಎಂದರೆ ಸರಿ. ಆತನ ಬೈಕಿನಲ್ಲಿ ಹೊರಟೆ ಎಂದರೆ ಸರಿ. ದಾರಿಯಲ್ಲಿ ಕೂಗಿಕೊಳ್ಳಲಿಲ್ಲ ಎಂದರೆ ಸರಿ. ಒಪ್ಪಿಯೇ ಹೋಗಿದ್ದೆ ಎಂದರೆ ಸರಿಯಲ್ಲ.’

ನಾಲ್ಕೇ ಸಾಲು, ಆದರೆ ಒಂದು ಪೂರ್ತಿ ದೃಶ್ಯ. ಮೂರು ‘ಸರಿ’ಗಳ ಮೇಲೆ ವಕೀಲ ನಾಲ್ಕನೆಯದಕ್ಕೆ ಬಲೆ ಹೆಣೆದಿದ್ದಾನೆ. ಬರೆಯುವಾಗ ಪ್ರತಿ ವಾಕ್ಯದ ಹಿಂದಿನ ಪ್ರಶ್ನೆಯನ್ನು ಹುಡುಕಿ ಮರಳಿ ಕಟ್ಟಬೇಕು. ಉತ್ತರವನ್ನು ನ್ಯಾಯಾಧೀಶರು ಸ್ಟೆನೋಗ್ರಾಫರ್‌ಗೆ ಹೇಳಿ ಬರೆಸುವುದನ್ನೂ ಬಿಡಬಾರದು. ತಾನು ತಡವರಿಸಿ ಹೇಳಿದ್ದು ಬೇರೊಬ್ಬರ ಬಾಯಲ್ಲಿ ಚೊಕ್ಕ ವಾಕ್ಯವಾಗಿ ಹೊರಬರುವುದನ್ನು ಆಕೆ ನಿಂತು ಕೇಳಬೇಕು. ಆ ಹೊತ್ತಿಗೆ ಹಿನ್ನೆಲೆ ಸಂಗೀತ ಬೇಡವೆಂದು ಸ್ಕ್ರಿಪ್ಟಿನಲ್ಲೇ ಬರೆದಿಡುತ್ತೇನೆ. ಕೀಬೋರ್ಡಿನ ಸದ್ದು ಸಾಕು. ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಎಂಬ ಲೆಕ್ಕದಲ್ಲಿ 40 ನಿಮಿಷದ ಕಂತಿನಲ್ಲಿ ಪಾಟಿ ಸವಾಲಿಗೆ ಏಳೆಂಟು ಪುಟ ಬೇಕು. ಎಡಿಟಿಂಗ್‌ನಲ್ಲಿ ಮೊದಲು ಕತ್ತರಿ ಬೀಳುವುದು ‘ಸಪ್ಪೆ’ ಎನಿಸುವ ಆರಂಭದ ಪ್ರಶ್ನೆಗಳಿಗೆ. ಅವು ಹೋದರೆ ಕೊನೆಯ ಪ್ರಶ್ನೆ ಬರೀ ಒರಟುತನವಾಗಿ ಕಾಣುತ್ತದೆ, ಬಲೆ ಕಾಣುವುದೇ ಇಲ್ಲ.

ಏನನ್ನು ಕೇಳಬಹುದಿತ್ತು ಎಂಬುದು ವಿಚಾರಣೆ ನಡೆದ ಕಾಲವನ್ನು ಅವಲಂಬಿಸಿದೆ. ಪೊಲೀಸ್ ಠಾಣೆಯಲ್ಲೇ ಅತ್ಯಾಚಾರ ನಡೆಯಿತೆಂದು ದೂರಿದ ಮಥುರಾ ಎಂಬ ಆದಿವಾಸಿ ಹುಡುಗಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಆರೋಪಿ ಪೊಲೀಸರನ್ನು ಬಿಡುಗಡೆ ಮಾಡಿತು. ಅದರ ವಿರುದ್ಧ ಎದ್ದ ಹೋರಾಟದಿಂದ 1983ರ ತಿದ್ದುಪಡಿ ಬಂತು, ಇನ್ ಕ್ಯಾಮೆರಾ ವಿಚಾರಣೆಯೂ ಗುರುತಿನ ರಕ್ಷಣೆಯೂ ಅದರ ಫಲ. ಆರೋಪಿ ಕಣ್ಣಿಗೆ ಬೀಳದಂತೆ ಪರದೆ ಇಡುವುದು, ಪಾಟಿ ಸವಾಲಿನ ಪ್ರಶ್ನೆಗಳನ್ನು ಬರೆದು ನ್ಯಾಯಾಧೀಶರಿಗೆ ಕೊಡುವುದು ‘ಸಾಕ್ಷಿ’ ಎಂಬ ಸಂಸ್ಥೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2004ರಲ್ಲಿ ಕೊಟ್ಟ ತೀರ್ಪಿನಿಂದ ಬಂದ ಸೂಚನೆಗಳು. ಒಪ್ಪಿಗೆ ಇತ್ತೆಂದು ತೋರಿಸಲು ಹಿಂದಿನ ಲೈಂಗಿಕ ಸಂಬಂಧಗಳನ್ನು ಕೆದಕುವುದು 2013ರ ತಿದ್ದುಪಡಿಯ ನಂತರ ನಿಷಿದ್ಧ. ಸಂತ್ರಸ್ತೆಗೆ ಮೊದಲೇ ಲೈಂಗಿಕ ಸಂಬಂಧವಿತ್ತೇ ಎಂದು ನೋಡಲು ವೈದ್ಯರು ಮಾಡುತ್ತಿದ್ದ ಎರಡು ಬೆರಳಿನ ಪರೀಕ್ಷೆಯನ್ನು ಅದೇ ವರ್ಷ ಸುಪ್ರೀಂ ಕೋರ್ಟ್ ಖಂಡಿಸಿತು, 2022ರಲ್ಲಿ ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರೆಂದಿತು. 2020ರ ಕಥೆಯಲ್ಲಿ ವಕೀಲ ‘ಇದಕ್ಕೂ ಮೊದಲು ಯಾರ ಜತೆ?’ ಎಂದು ಕೇಳಿದರೆ ನ್ಯಾಯಾಧೀಶರು ತಡೆಯಲೇಬೇಕು. ಅವರು ತಡೆಯದಿದ್ದರೆ ಆ ಮೌನ ಉದ್ದೇಶಪೂರ್ವಕವೆಂದು ವೀಕ್ಷಕರಿಗೆ ತಿಳಿಯುವಂತೆ ಬರೆಯಿರಿ.

ಸುತ್ತಿಗೆ, ಗೀತೆಯ ಮೇಲೆ ಪ್ರಮಾಣ ಇವೆಲ್ಲ ನಮ್ಮ ಕೋರ್ಟಿನಲ್ಲಿಲ್ಲ. ಇದಕ್ಕಿಂತ ದೊಡ್ಡ ತಪ್ಪು ಸಂತ್ರಸ್ತೆಯ ಖಾಸಗಿ ವಕೀಲನಿಂದ ಇಡೀ ಕೇಸು ನಡೆಸುವುದು. ಕೇಸು ನಡೆಸುವವರು ಸರ್ಕಾರಿ ಅಭಿಯೋಜಕರು. ಆಕೆಯ ವಕೀಲರು ಅವರಿಗೆ ನೆರವಾಗಬಹುದು ಅಷ್ಟೆ.

ಅತ್ಯಾಚಾರದ ದೃಶ್ಯವನ್ನು ನಾನು ಬರೆಯುವುದಿಲ್ಲ. ಪ್ರತಿವಾದಿ ವಕೀಲರ ಕಥನಕ್ಕೆ ಫ್ಲ್ಯಾಶ್‌ಬ್ಯಾಕ್ ಅಂತೂ ಕೂಡದು. ವಕೀಲರ ಬಾಯಿಮಾತನ್ನು ಕ್ಯಾಮೆರಾ ಚಿತ್ರವಾಗಿಸಿ ತೋರಿಸಿದರೆ ಸುಳ್ಳಿಗೂ ಕಣ್ಣಾರೆ ಕಂಡ ಬಲ ಬರುತ್ತದೆ. ಮುಂದೆ ತೀರ್ಪು ಏನೇ ಹೇಳಲಿ, ನೋಡಿದ್ದು ಅಳಿಸುವುದಿಲ್ಲ.

ಚಿತ್ರೀಕರಣಕ್ಕೆ ಮೊದಲು ಎರಡು ಓದು ಆಗಬೇಕು. ಒಂದು ಕ್ರಿಮಿನಲ್ ವಕೀಲರದು. ಮೇಲ್ಮನವಿ ಬಾಕಿ ಇದೆಯೇ ಎಂಬುದನ್ನು ಅವರು ಆಗಲೇ ನೋಡಬೇಕು. ಇನ್ನೊಂದು, ಆಕೆ ಇಚ್ಛಿಸಿದರೆ, ಆಕೆಯದೇ. ಆಕೆಯನ್ನು ನೇರವಾಗಿ ಹುಡುಕಿಕೊಂಡು ಹೋಗದೆ ವಕೀಲರ ಮೂಲಕ ಕೇಳಿಸಿ. ಪಾಟಿ ಸವಾಲಿನ ಪುಟಗಳನ್ನು ಬೇರೆ ಲಕೋಟೆಯಲ್ಲಿಟ್ಟು ಮೇಲೆ ಹಾಗೆಂದು ಬರೆದು ಕಳಿಸಿ, ಅದನ್ನು ತೆರೆಯುವುದು ಬಿಡುವುದು ಆಕೆಗೆ ಬಿಟ್ಟದ್ದು. ಯಾವುದಾದರೂ ಸಾಲು ಬೇಡವೆಂದರೆ ಕಾರಣ ಕೇಳದೆ ತೆಗೆಯಿರಿ.