ಜಿಪ್ಸಿಗೆ ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್: ಮೂರೇ ಗೇರು, ನನ್ನ ಅನುಭವ

ನನ್ನ ಹಳೇ ಜಿಪ್ಸಿ ಕಿಂಗ್‌ಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸಿ ಎರಡು ಮಳೆಗಾಲ ಕಳೆಯಿತು. ಕಾರ್ಬೊರೇಟರ್ ಗಾಡಿ, 1.3 ಇಂಜಿನ್. ಹೊಸನಗರದ ತೋಟದ ದಾರಿ, ನಿಟ್ಟೂರು ಕಡೆಯ ಜಂಬಿಟ್ಟಿಗೆ ಏರು, ಆಗುಂಬೆ ಘಾಟಿ ಎಲ್ಲಾ ಆಗಿದೆ. ಗೇರ್‌ಬಾಕ್ಸ್ ಇನ್ನೂ ಒಂದು ಸಲವೂ ಕೆಳಗಿಳಿದಿಲ್ಲ. "ಮಲೆನಾಡಿನ ಕೆಸರಿಗೆ ಆಟೋಮ್ಯಾಟಿಕ್ಕಾ?" ಅಂತ ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ನಕ್ಕವರು ಈಗ ಗಾಡಿ ಅಡಿಗೆ ಬಗ್ಗಿ ನೋಡುತ್ತಾರೆ.

ಯಾವ ಗೇರ್‌ಬಾಕ್ಸ್ ಅನ್ನೋದೇ ಅರ್ಧ ಕೆಲಸ. ಎಸ್ಟೀಮ್, ಝೆನ್ ಆಟೋಮ್ಯಾಟಿಕ್ ಅಗ್ಗಕ್ಕೆ ಸಿಗುತ್ತೆ. ಆದರೆ ಅವು ಮುಂದಿನ ಚಕ್ರ ಓಡಿಸುವ ಪೆಟ್ಟಿಗೆಗಳು, ಜಿಪ್ಸಿಗೆ ಉಪಯೋಗ ಇಲ್ಲ. ಹಳೇ ಗ್ರ್ಯಾಂಡ್ ವಿಟಾರಾದ್ದು ನಾಲ್ಕು ಗೇರು, ನೋಡೋಕೆ ಚೆಂದ. ಅದಕ್ಕೆ ಕಂಪ್ಯೂಟರ್ ಬೇಕು, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಕ್ಕೆ ಶಕ್ತಿ ಹಂಚುವ ಪೆಟ್ಟಿಗೆ) ಬೆನ್ನಿಗೇ ಅಂಟಿಕೊಂಡಿರುತ್ತೆ, ಇಂಜಿನ್ ಜಾತಿಯೂ ಬೇರೆ. ಹೊಸ ಜಿಮ್ನಿಯ ಬಾಕ್ಸ್ ಆಸೆ ಹುಟ್ಟಿಸಿತ್ತು, ಅದರಲ್ಲಿ ನಮ್ಮ ಜಿಪ್ಸಿ ಹಾಗೇ ಟ್ರಾನ್ಸ್‌ಫರ್ ಪ್ರತ್ಯೇಕ. ಆದರೆ ಅದನ್ನು ಹಾಕಬೇಕಂದ್ರೆ ಇಂಜಿನ್, ವೈರಿಂಗ್, ಕೀ ಎಲ್ಲಾ ಸಮೇತ ಹಾಕಬೇಕು. ಇಂಜಿನ್ ಬದಲಾದರೆ ಆರ್‌ಟಿಓ ಮೆಟ್ಟಿಲು ಹತ್ತಬೇಕು. ಆರ್‌ಸಿಯಲ್ಲಿ ಇಂಜಿನ್ ನಂಬರ್, ಚಾಸಿ ನಂಬರ್ ಇರುತ್ತೆ, ಗೇರ್‌ಬಾಕ್ಸ್ ನಂಬರ್ ಇರೋದಿಲ್ಲ. ಹಾಗಾಗಿ ನನ್ನ ಇಂಜಿನ್ ಮುಟ್ಟಬಾರದು, ಕಂಪ್ಯೂಟರ್ ಕೇಳಬಾರದು ಅಂತ ಮೊದಲೇ ನಿರ್ಧರಿಸಿದ್ದೆ.

ಉಳಿದದ್ದು ಹೊರದೇಶದ ವಿಟಾರಾ 1.6ರ ಮೂರು ಗೇರಿನ ಟಿಎಚ್ 180. ಅಮೆರಿಕದಲ್ಲಿ ಜಿಯೋ ಟ್ರ್ಯಾಕರ್ ಅಂತ ಮಾರಿದ ಗಾಡಿಯಲ್ಲೂ ಇದೇ ಇತ್ತು. ಜನರಲ್ ಮೋಟರ್ಸ್‌ನವರ ಬಾಕ್ಸ್, ಕಂಪ್ಯೂಟರ್ ಬೇಡ, ಗವರ್ನರ್ (ಗಾಡಿ ವೇಗ ಅಳೆಯೋದು) ಮತ್ತು ವ್ಯಾಕ್ಯೂಮ್ ಮಾಡ್ಯುಲೇಟರ್ (ಇಂಜಿನ್ನಿನ ಗಾಳಿ ಎಳೆತ ನೋಡಿ ಲೋಡ್ ಅಳೆಯೋದು) ಮೇಲೆ ಓಡುತ್ತೆ. ನಮ್ಮ 1.3 ಮತ್ತು ಆ 1.6ರ ಬೆಲ್ ಹೌಸಿಂಗ್ (ಗೇರ್‌ಬಾಕ್ಸನ್ನು ಇಂಜಿನ್‌ಗೆ ಕೂರಿಸುವ ಗಂಟೆ ಆಕಾರದ ಕವಚ) ಬೋಲ್ಟುಗಳು ಒಂದೇ ಅಳತೆ. ಇಲ್ಲಿ ಒಂದು ವಿಷಯ ನೋಡಿಕೊಳ್ಳಿ: ಗೇರ್‌ಬಾಕ್ಸಿನ ಬಾಲ (ಹಿಂದಿನ ತುದಿ) ಟೂ ವೀಲ್ ಡ್ರೈವ್ ಗಾಡಿಯದ್ದೇ ಇರಬೇಕು. ಫೋರ್ ವೀಲ್‌ದಾದರೆ ಅದರ ಬೆನ್ನಿಗೆ ಅದರದ್ದೇ ಟ್ರಾನ್ಸ್‌ಫರ್ ಬೇಕು, ಜಿಪ್ಸಿಯ ಟ್ರಾನ್ಸ್‌ಫರ್‌ಗೆ ಶಾಫ್ಟ್ ಕೊಡೋಕಾಗಲ್ಲ.

ಮೊದಲು ತಂದದ್ದಕ್ಕೆ ಸುಮಾರು 30 ಸಾವಿರ ಹೋಯಿತು. ಹಾಫ್ ಕಟ್, ಅಂದ್ರೆ ಅರ್ಧಕ್ಕೆ ಕತ್ತರಿಸಿದ ಗಾಡಿಯಿಂದ ಬಿಚ್ಚಿದ್ದು, ಓಡ್ತಾ ಇದ್ದದ್ದು ಅಂತ ಹೇಳಿ ಕೊಟ್ಟರು. ಅಡಿಯ ಆಯಿಲ್ ಪ್ಯಾನ್ ಬಿಚ್ಚೋಕೆ ಬಿಡಲಿಲ್ಲ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕೆಂಪಗೆ ಹೊಳೆಯುತ್ತಿತ್ತು. ಊರಿಗೆ ತಂದು ಪ್ಯಾನ್ ಇಳಿಸಿದರೆ ಮೂಲೆಯಲ್ಲಿ ಕಪ್ಪು ಗಸಿ, ಮೂಗಿಗೆ ಹೊಡೆಯುವ ಸುಟ್ಟ ವಾಸನೆ. ಮಾರುವ ಮುಂಚೆ ಹೊಸ ಆಯಿಲ್ ಸುರಿದಿದ್ದರು ಅಷ್ಟೆ. ಗಸಿಯನ್ನು ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದೆ. ಕ್ಲಚ್ ಪ್ಲೇಟಿನ ನಾರು, ಅದರ ನಡುವೆ ಹಿತ್ತಾಳೆ ಬಣ್ಣದ ಚೂರು. ಸಣ್ಣ ಬೂದು ಪುಡಿ ಇದ್ದರೆ ಹೆದರಬೇಡಿ, ಅದು ಎಲ್ಲದರಲ್ಲೂ ಇರುತ್ತೆ. ಹೊಳೆಯುವ ಚೂರು ಇದ್ದರೆ ಒಳಗಿನ ಬುಷ್ ಹೋಗಿದೆ ಅಂತ. ಆಯಿಲ್ ಗುಲಾಬಿ ಹಾಲಿನ ಹಾಗಿದ್ದರೆ ನೀರು ಸೇರಿದೆ, ಅದನ್ನಂತೂ ಮುಟ್ಟಲೇಬೇಡಿ, ಪ್ಲೇಟಿನ ಅಂಟೇ ಬಿಟ್ಟುಹೋಗಿರುತ್ತೆ.

ಎರಡನೆಯದು ಕೊಯಮತ್ತೂರಿನ ಕಡೆ ಸಿಕ್ಕಿತು, 18 ಸಾವಿರಕ್ಕೆ. ಬೆಲ್ ಹೌಸಿಂಗ್‌ನ ಕಿವಿ ಒಡೆದಿತ್ತು, ಅದಕ್ಕೇ ಯಾರೂ ತಗೊಂಡಿರಲಿಲ್ಲ. ಈ ಬಾಕ್ಸ್‌ನಲ್ಲಿ ಬೆಲ್ ಬೇರೆ, ಪೆಟ್ಟಿಗೆ ಬೇರೆ. ಮೊದಲನೆಯದರ ಬೆಲ್ ಬಿಚ್ಚಿ ಇದಕ್ಕೆ ಹಾಕಿದೆ! ಫ್ಲೆಕ್ಸ್‌ಪ್ಲೇಟೂ (ಫ್ಲೈವೀಲ್ ಜಾಗದ ತೆಳು ತಟ್ಟೆ) ಅದರದ್ದೇ. ಅಂದಮೇಲೆ ಆ 30 ಸಾವಿರ ಪೂರ್ತಿ ನೀರಿಗೆ ಹೋಗಲಿಲ್ಲ, ಅಲ್ವಾ?

ಸ್ಟಾರ್ಟ್ ಮಾಡಿದ ದಿನ ಸೈಲೆನ್ಸರ್‌ನಿಂದ ಬಿಳಿ ಹೊಗೆ. ಇಂಜಿನ್ ರಿಂಗ್ ಹೋಯ್ತು, ಬೋರ್ ಮಾಡಿಸು ಅಂತ ನೆರೆದವರೆಲ್ಲಾ ಹೇಳಿದರು. ನಾನು ಮಾಡ್ಯುಲೇಟರ್‌ನ ವ್ಯಾಕ್ಯೂಮ್ ಪೈಪ್ ಎಳೆದೆ. ಒಳಗಿಂದ ಕೆಂಪು ಆಯಿಲ್ ತೊಟ್ಟಿಕ್ಕಿತು. ಡಯಾಫ್ರಮ್ ಹರಿದು ಇಂಜಿನ್ನೇ ಗೇರ್ ಆಯಿಲ್ ಕುಡಿಯುತ್ತಿತ್ತು. ಮಾಡ್ಯುಲೇಟರ್ ತರಿಸಲು ಎರಡೂವರೆ ಸಾವಿರ ಚಿಲ್ಲರೆ. ಪೈಪಿಗೆ ವ್ಯಾಕ್ಯೂಮ್ ಎಲ್ಲಿಂದ ಕೊಟ್ಟೆ, ನಡುವೆ ಏನು ಹಾಕಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ರನೇ ಇರಲಿ. ಶಿಫ್ಟ್ ಮೆತ್ತಗೆ ಬೀಳೋದು ಅದರಿಂದಲೇ.

ಟ್ರಾನ್ಸ್‌ಫರ್‌ಗೆ ಹೋಗುವ ಚಿಕ್ಕ ಶಾಫ್ಟನ್ನು ಲೇತ್‌ನಲ್ಲಿ ಕತ್ತರಿಸಿ, ಗೇರ್‌ಬಾಕ್ಸ್ ಕಡೆಯ ಯೋಕ್ (ಜಾಯಿಂಟ್ ಕೂರುವ ಕವೆ) ಬೆಸೆದು ಬ್ಯಾಲೆನ್ಸ್ ಮಾಡಿಸಿದ್ದಕ್ಕೆ 6–7 ಸಾವಿರ. ಕ್ಲಚ್ಚಿನ ಬದಲು ಇರುವ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸಿನ ಆಯಿಲ್ ಪಂಪಿನೊಳಗೆ ಪೂರ್ತಿ ಕೂತಿದೆಯಾ ಅಂತ ತಿರುಗಿಸಿ ನೋಡದೆ ಬೋಲ್ಟ್ ಬಿಗಿ ಮಾಡಬೇಡಿ, ಪಂಪ್ ಒಡೆಯುತ್ತೆ.

ಜಿಪ್ಸಿ ರೇಡಿಯೇಟರ್‌ನಲ್ಲಿ ಆಯಿಲ್ ಕೂಲರ್ ಇಲ್ಲ, ಹೊರಗೆ ಹಾಕಬೇಕು. ಮೊದಲು ರೇಡಿಯೇಟರ್ ಮುಂದೆ ಹಾಕಿದ್ದೆ. ಗದ್ದೆ ಕೆಸರು ಮೆತ್ತಿಕೊಂಡು ಇಂಜಿನ್ನೂ ಬಿಸಿ, ಗೇರ್‌ಬಾಕ್ಸೂ ಬಿಸಿ. ಈಗ ಗಾಡಿ ಅಡಿಯಲ್ಲಿ, ಮೇಲ್ಮಟ್ಟದಲ್ಲಿ, ಒಂದು ಎಸಿ ಫ್ಯಾನ್ ಸಮೇತ ಇದೆ. ಘಾಟಿ ಏರುವಾಗ ಗೇರ್ ಆಯಿಲ್ 95 ಡಿಗ್ರಿ ಆಸುಪಾಸು, ಕೆಸರಲ್ಲಿ ಟ್ರಾನ್ಸ್‌ಫರ್ ಲೋ (ನಿಧಾನ, ಜೋರು ಎಳೆತ) ಹಾಕಿ ಒದ್ದಾಡಿದರೆ 110. ಅದಕ್ಕಿಂತ ಮೇಲೆ ಹೋದರೆ ನಿಲ್ಲಿಸಿ ಎಲೆಅಡಿಕೆ ಹಾಕುತ್ತೇನೆ. ಗೇರ್‌ಬಾಕ್ಸ್ ಉಸಿರಾಡುವ ಬ್ರೀದರ್ ಪೈಪನ್ನು, ನೀರು ಒಳಗೆ ಹೋಗದ ಹಾಗೆ, ಏರ್ ಫಿಲ್ಟರ್ ಎತ್ತರಕ್ಕೆ ಏರಿಸಿದ್ದೇನೆ. ಹಳ್ಳ ದಾಟುವವರು ಇದನ್ನು ಬಿಡಬೇಡಿ.

ನಡುವೆ ಗೆಳೆಯನ ಶೆಡ್ಡಿನಲ್ಲಿ ನಾಲ್ಕು ಗೇರಿನ ಒಂದು ಬಾಕ್ಸ್‌ಗೆ ಕಂಪ್ಯೂಟರ್ ಬಿಟ್ಟು ಎರಡು ಟಾಗಲ್ ಸ್ವಿಚ್ ಹಾಕಿ ಗೇರ್ ಬದಲಿಸುವ ಸೊಲೆನಾಯ್ಡ್‌ಗೆ (ಕರೆಂಟಿನ ವಾಲ್ವ್) ಕರೆಂಟ್ ಕೊಟ್ಟು ಆಡಿದೆವು. ಗೇರ್ ಬದಲಾಗುತ್ತೆ, ಮಜಾ ಇದೆ. ಘಾಟಿ ತಿರುವಿನಲ್ಲಿ ಸ್ವಿಚ್ ಹುಡುಕೋದು ನನಗೆ ಬೇಡ.

ಒಟ್ಟು ಖರ್ಚು ಸೀಲ್, ಆಯಿಲ್, ಕೂಲರ್ ಎಲ್ಲಾ ಸೇರಿ ಒಂದು ಲಕ್ಷದ ಒಳಗೆ. ಮೈಲೇಜ್ 11 ಇದ್ದದ್ದು ಈಗ 8, 9. ವರ್ಷಕ್ಕೊಂದು ಕ್ಲಚ್ ಪ್ಲೇಟ್ ಸುಡುತ್ತಿದ್ದದ್ದು ನಿಂತಿದೆ.

ಇಳಿಜಾರಲ್ಲಿ ಮಾತ್ರ ಮ್ಯಾನ್ಯುಯಲ್ಲೇ ಗಟ್ಟಿ, ಅದನ್ನು ಮುಚ್ಚಿಡೋದಿಲ್ಲ. ಮ್ಯಾನ್ಯುಯಲ್ ಫಸ್ಟ್ ಗೇರ್ 3.65, ಇದರದ್ದು 2.40. ಟ್ರಾನ್ಸ್‌ಫರ್ ಲೋ 2.27. ಗುಣಿಸಿ ನೋಡಿ, ಎಂಟರ ಹತ್ತಿರ ಇದ್ದದ್ದು ಐದೂವರೆಗೆ ಇಳಿಯುತ್ತೆ. ಹುಲಿಕಲ್ ಇಳಿಯುವಾಗ ಗೇರ್ ಲಿವರ್ ಎಲ್‌ನಲ್ಲಿ (ಫಸ್ಟ್ ಗೇರ್) ಹಾಕಿದರೂ ಬ್ರೇಕ್ ಜಾಸ್ತಿ ಬೇಕು. ಹಾಗಾಗಿ ಮುಂದಿನ ಬ್ರೇಕ್ ಮೊದಲು ಸರಿ ಮಾಡಿಸಿ, ಆಮೇಲೆ ಗೇರ್‌ಬಾಕ್ಸ್ ತನ್ನಿ. ಬ್ಯಾಟರಿ ಕೂತರೆ ತಳ್ಳಿ ಸ್ಟಾರ್ಟ್ ಮಾಡೋ ಹಾಗಿಲ್ಲ. ಎಳೆಸಬೇಕಾಗಿ ಬಂದರೆ ಟ್ರಾನ್ಸ್‌ಫರ್ ನ್ಯೂಟ್ರಲ್‌ಗೆ ಹಾಕಿದರೆ ಸಾಕು, ಗೇರ್‌ಬಾಕ್ಸ್ ತಿರುಗೋದೇ ಇಲ್ಲ.